ತಾನಾಗಿ ಬಿದ್ದ ಬೇಲು

ನನಗೆ ಕ್ರಿಕೆಟ್ ಕಂಡರೆ ಆಗುವುದಿಲ್ಲ. ಇವತ್ತಲ್ಲ, ಮೊದಲಿಂದಲೂ ಆಗುವುದಿಲ್ಲ. ಮದುವೆಯಾದ ಮೊದಲ ಸಂಕ್ರಾಂತಿಗೆ ಅಳಿಯನನ್ನು ಕರೆದೊಯ್ಯಲು ನಮ್ಮಪ್ಪ ಬಂಗಾರಪೇಟೆ ಪಕ್ಕದ ನಮ್ಮೂರಿನಿಂದ ಎಳ್ಳು ಬೆಲ್ಲ, ಕಬ್ಬಿನ ಜಲ್ಲೆ ಹೊತ್ತುಕೊಂಡು ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಿರುವ ನಂದಿದುರ್ಗದ ಲೈನಿಗೆ ಬಂದರೆ, ಅಳಿಯನೇ ಮನೆಯಲ್ಲಿಲ್ಲ! ಹಬ್ಬಕ್ಕೆ ಬಟ್ಟೆ ತರುತ್ತೇನೆಂದು ಬಂಗಾರಪೇಟೆಗೆ ಹೋದ ಮನುಷ್ಯ, ಸ್ಟೇಷನ್ನಿನಲ್ಲಿ ಮದ್ರಾಸಿನ ರೈಲು ನಿಂತಿದ್ದು ನೋಡಿ ಹತ್ತಿಬಿಟ್ಟಿದ್ದರು. ವೆಸ್ಟ್ ಇಂಡೀಸಿನವರು ಬಂದಿದ್ದಾರಂತೆ. ನಮ್ಮ ವಿಶ್ವನಾಥ್ ಆಡುತ್ತಾನಂತೆ. ‘ನಮ್ಮ’ ವಿಶ್ವನಾಥ್! ಏನೋ ಚಿಕ್ಕಪ್ಪನ ಮಗ ಎನ್ನುವ ಹಾಗೆ.

ಹಬ್ಬ ಮುಗಿದ ಮೇಲೆ ಬಂದರು, ಬಿಸಿಲಿಗೆ ಮುಖ ಸುಟ್ಟುಕೊಂಡು, ಬರಿಗೈಯಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು.

“ತೊಂಬತ್ತೇಳು ಕಣಮ್ಮಿ! ಆ ಕಡೆ ಒಬ್ಬೊಬ್ರೇ ಔಟಾಗ್ತಾ ಓದ್ರು, ಇವನೊಬ್ಬ ಔಟಾಗ್ಲೇ ಇಲ್ಲ. ನೂರಕ್ಕೆ ಮೂರೇ ಮೂರು ರನ್ನು ಕಮ್ಮಿ. ಕೊನೇಗೆ ಜೊತೆಗೆ ನಿಲ್ಲೋರೇ ಇರ್ಲಿಲ್ಲ.” ಕಣ್ಣಲ್ಲಿ ನೀರು ಬೇರೆ.

“ಮೂರು ರನ್ನಿಗೆ ಅಳ್ತೀರಲ್ಲ, ಇಲ್ಲಿ ನಮ್ಮಪ್ಪ ಕಾದು ಕಾದು ಮೋರೆ ಸಣ್ಣ ಮಾಡ್ಕೊಂಡು ಎದ್ದೋದ್ರು. ಅವರಿಗ್ಯಾರು ಅಳೋರು?” ಎಂದೆ. ಮನುಷ್ಯ ತಲೆ ಕೆರೆದುಕೊಂಡು ನಕ್ಕುಬಿಟ್ಟರು. ಆ ನಗು ಇತ್ತಲ್ಲ, ಅದರ ಮುಂದೆ ನನ್ನ ಸಿಟ್ಟು ಯಾವತ್ತೂ ನಿಂತಿದ್ದೇ ಇಲ್ಲ.

ನಮ್ಮ ಯಜಮಾನರು ಗಣಿಯಲ್ಲಿ ಕೆಳಗಿಳಿದು ಬಂಡೆ ಕೊರೆಯುವ ಕೆಲಸದವರು. ಅವರಪ್ಪನೂ ಅದೇ ಕೆಲಸ ಮಾಡಿ, ಎದೆ ತುಂಬ ಕಲ್ಲಿನ ಧೂಳು ತುಂಬಿಕೊಂಡು, ಕೆಮ್ಮಿ ಕೆಮ್ಮಿ ಸತ್ತವರು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಉಳಿದವನು ತಮ್ಮ ರಾಮಚಂದ್ರ. ನಾನು ಆ ಮನೆಗೆ ಬಂದಾಗ ಅವನಿನ್ನೂ ಹೈಸ್ಕೂಲು. ಅವನಿಗೆ ಮುದ್ದೆ ಮುರಿದು ಹಾಕಿದವಳು ನಾನು, ಅವನಿಗೆ ಬ್ಯಾಟು ಹಿಡಿಸಿ ಕೆಡಿಸಿದವರು ಅವರು. ಕುಡಿಯದ, ಜೂಜಾಡದ ಮನುಷ್ಯ ಮನೆಯಲ್ಲಿ ಒಂದೇ ಒಂದು ಮಾತು ಗಟ್ಟಿಯಾಗಿ ಹೇಳುತ್ತಿದ್ದರು: “ನನ್ನ ತಮ್ಮ ಕೇಜ್ ಅತ್ತಬಾರ್ದು.” ಕೇಜ್ ಎಂದರೆ ಶಾಫ್ಟಿನೊಳಕ್ಕೆ, ಆ ಆಳದ ಗಣಿಬಾವಿಯೊಳಕ್ಕೆ, ಜನರನ್ನು ಇಳಿಸುವ ಕಬ್ಬಿಣದ ಗೂಡು. ಲೈನಿನ ಮಿಕ್ಕ ಮನೆಯವರು ಮಗನನ್ನು ಯಾವಾಗ ಗಣಿಗೆ ಸೇರಿಸಿಕೊಳ್ಳುತ್ತಾರೋ ಎಂದು ಕಾಯುತ್ತಿದ್ದರೆ, ಇವರು ತಮ್ಮನ ಹೆಸರನ್ನೇ ಬರೆಸಲಿಲ್ಲ. ಅವನಿಗೆ ಮೇಲಿನ ಕೆಲಸವೇ ಸಿಗಬೇಕು, ಬಿಸಿಲಿನಲ್ಲಿ, ಗಾಳಿಯಲ್ಲಿ ಮಾಡುವ ಕೆಲಸ. ಅದೊಂದೇ ಆಸೆ. ಆ ಆಸೆಯಲ್ಲಿ ನನ್ನದೂ ಪಾಲಿತ್ತು.

ನಮ್ಮ ಲೈನುಗಳ ಒಂದು ಪದ್ಧತಿ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ನಿಮಗೆ ಹುಚ್ಚಾಟದಂತೆ ಕಾಣುತ್ತದೆ. ಅಷ್ಟು ಆಳದಲ್ಲಿ ಕೊರೆದು ಕೊರೆದು ಟೊಳ್ಳಾದ ನೆಲ ನಮ್ಮದು. ಕೆಳಗೆ ಒಮ್ಮೊಮ್ಮೆ ಬಂಡೆ ತಾನಾಗಿ ಸಿಡಿಯುತ್ತದೆ. ಆಗ ಮೇಲೆ ನೆಲ ಅದುರುತ್ತದೆ, ಗೂಡಿನಲ್ಲಿಟ್ಟ ಪಾತ್ರೆ ಗಲಗಲ ಎನ್ನುತ್ತದೆ. ಗಣಿಯ ಪಕ್ಕದ ಕಾರ್ಖಾನೆ ಕೆಲಸಕ್ಕೆಂದು ಹಾಸನ, ಮಂಡ್ಯ ಕಡೆಯಿಂದ ಬಂದವರು ಮೊದಲ ಸಲ ಅದುರಿದಾಗ ಭೂಕಂಪ ಎಂದು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡುತ್ತಾರೆ. ನಾವು ಓಡುವುದಿಲ್ಲ. ನಾವು ಏನೂ ಅನ್ನುವುದೂ ಇಲ್ಲ. ಹೆಗಲ ಮೇಲಿನ ಸೆರಗು ಒಂದಿಷ್ಟು ಬಿಗಿ ಎಳೆದುಕೊಂಡು, ತೊಳೆಯುತ್ತಿದ್ದ ಪಾತ್ರೆ ತೊಳೆಯುತ್ತೇವೆ. ಶಿಫ್ಟ್ ಮುಗಿದು ಗಂಡಸರು ಮೇಲೆ ಬಂದ ನಂತರವಷ್ಟೇ, “ತಾಯಿ ಮಗ್ಗುಲಾದ್ಲು” ಎನ್ನುತ್ತೇವೆ. ಜನ ಕೆಳಗಿರುವಾಗ ಬಾಯಿ ಬಿಟ್ಟು ಹೇಳಿದರೆ ಹೇಳಿದ್ದು ನಿಜವಾಗುತ್ತದೆ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಿಮ್ಮ ಗಂಡ ಕೆಳಗಿದ್ದರೆ ನೀವೂ ನಂಬುತ್ತೀರಿ.

ಸಾವಿರದೊಂಬೈನೂರ ಎಂಬತ್ತನೇ ಇಸವಿ, ಸೂರ್ಯಗ್ರಹಣ ಆಯಿತಲ್ಲ, ಅದರ ಸುದ್ದಿಗೆ ಬರುತ್ತೇನೆ. ಉಮಾ ಆಗ ನನ್ನ ಹೊಟ್ಟೆಯಲ್ಲಿದ್ದಳು. ಪಕ್ಕದ ಮನೆಯ ಅನಸೂಯಮ್ಮ ನನ್ನನ್ನು ಒಳಗೆ ಕೂರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಉಪ್ಪಿನಕಾಯಿ ಜಾಡಿಗೆಲ್ಲ ದರ್ಭೆ ಹಾಕಿಹೋಗಿದ್ದಳು. ಆ ವಾರ ಬೊಂಬಾಯಿಯಲ್ಲಿ ಇಂಗ್ಲೆಂಡಿನ ಮೇಲೆ ನಮ್ಮವರ ಟೆಸ್ಟ್ ನಡೆಯುತ್ತಿತ್ತು. ಗ್ರಹಣದ ದಿನ ಅವರೂ ಆಟ ನಿಲ್ಲಿಸಿದ್ದರು. “ನೋಡು, ಕ್ರಿಕೆಟ್‌ನೋರೂ ರಾಹುಗೆ ಎದುರ್ಕೊಂಡವ್ರೆ. ಇನ್ನು ನೀನ್ಯಾವ ಲೆಕ್ಕ, ಮಲ್ಕೋ ಸುಮ್ನೆ,” ಎಂದು ಯಜಮಾನರು ನನ್ನನ್ನು ರೇಗಿಸಿದರು.

ಮಾರನೆಯ ದಿನ ಭಾನುವಾರ. ರೇಡಿಯೋ ಇದ್ದದ್ದು ಎದುರು ಮನೆಯ ಆರುಮುಗಣ್ಣನ ಹತ್ತಿರ. ಗಣಿಯಿಂದ ರಿಟೈರಾದ ಮನುಷ್ಯ, ಬಿಳಿ ಮೀಸೆ, ಊರಿನ ಎಲ್ಲ ಆಟಕ್ಕೂ ಅಂಪೈರು. ರೇಡಿಯೋ ಇಂಗ್ಲಿಷಿನಲ್ಲಿ ಬಡಬಡಿಸಿದ್ದನ್ನು ಅವನು ತಮಿಳಿನಲ್ಲಿ ಹೇಳುವನು, ಅದನ್ನು ಯಜಮಾನರು ಕನ್ನಡದಲ್ಲಿ ಹೇಳುವರು, ನಡುವೆ ಇಬ್ಬರೂ ತೆಲುಗಿನಲ್ಲಿ ಬೈದುಕೊಳ್ಳುವರು. ಒಂದು ಚೆಂಡು ನನ್ನ ಕಿವಿಗೆ ಬಂದು ಬೀಳಬೇಕಾದರೆ ಮೂರು ರಾಜ್ಯ ದಾಟಿ ಬರಬೇಕಿತ್ತು. ಐದು ವಿಕೆಟ್ ಬಿದ್ದು ಇಂಗ್ಲೆಂಡಿನವರು ಕಂಗಾಲಾಗಿದ್ದರು, ಆಮೇಲೆ ಇಬ್ಬರು ನಿಂತು ಆಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಆರುಮುಗಣ್ಣ ಕುಣಿದ, “ಔಟ್! ಔಟ್ ಕುಡುತ್ತಾಚ್ಚು!” ಯಜಮಾನರೂ ಕುಣಿದರು. ಮರುಗಳಿಗೆ ಆರುಮುಗಣ್ಣ ರೇಡಿಯೋಕ್ಕೆ ಕಿವಿ ಹಚ್ಚಿ ಕಲ್ಲಾಗಿ ಕೂತ.

“ತಿರುಂಬ ಕೂಪಿಡ್ರಾನ್ ಪಾ,” ಎಂದ.

“ಏನಂತೆ?” ನಾನು ಕೇಳಿದೆ.

“ವಾಪಸ್ ಕರೀತಾವ್ನಂತೆ,” ಎಂದರು ಯಜಮಾನರು. “ವಿಶ್ವನಾಥ್ ಕ್ಯಾಪ್ಟನ್ ಅಲ್ವಾ? ಬ್ಯಾಟಿಗೆ ತಾಗಿಲ್ಲ, ಇವನು ಔಟಲ್ಲ ಅಂತ, ಅಂಪೈರ್ ಕೈ ಎತ್ತಿದ ಮೇಲೂ ವಾಪಸ್ ಕರ್ದವ್ನೆ.”

ಆಮೇಲೆ ಆದದ್ದೇನು? ವಾಪಸ್ ಬಂದವನು ನಿಂತ. ಆ ಇಬ್ಬರೂ ಸೇರಿ ನಮ್ಮವರ ಬೆವರಿಳಿಸಿದರು. ಎರಡು ದಿನ ಕಳೆಯುವಷ್ಟರಲ್ಲಿ ನಮ್ಮವರು ಹತ್ತು ವಿಕೆಟ್ಟಿನಿಂದ ಸೋತು ಕೂತರು. ನನಗೆ ಮೈಯೆಲ್ಲ ಉರಿಯಿತು. “ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಸಿಂಗಾರ ಮಾಡಬೇಡ ಅಂತ ಸುಮ್ನೆ ಏಳವ್ರಾ? ಸತ್ಯ ಏಳಿ ಹರಿಶ್ಚಂದ್ರ ಏನು ಕಾದ? ಸುಡುಗಾಡು ಕಾದ!” ಎಂದೆ.

ಯಜಮಾನರು ತಮ್ಮನ ಕಡೆ ತಿರುಗಿದರು. “ಔಟಲ್ಲದೋನ್ನ ಔಟ್ ಅಂದು ಗೆದ್ರೆ ಅದು ಗೆಲುವೇನ್ಲಾ? ಸೋತ್ರೂ ತಲೆ ಎತ್ಕೊಂಡು ಮನೇಗೆ ಓಗ್ಬೇಕು. ಕಂಡದ್ದು ಕಂಡಂಗೆ ಏಳ್ಬೇಕು. ತಿಳ್ಕೊ.” ರಾಮಚಂದ್ರ ತಲೆಯಾಡಿಸಿದ. ಅಣ್ಣ ಹೇಳಿದ್ದು ಅವನಿಗೆ ವೇದ. ತಿಳಿದುಕೊಂಡ, ಮಹಾರಾಯ. ಚೆನ್ನಾಗಿಯೇ ತಿಳಿದುಕೊಂಡ.

ಎರಡು ವರ್ಷ ಹೋಯಿತು. ರಾಮಚಂದ್ರ ನಮ್ಮ ಲೈನಿನ ಟೀಮಿಗೆ ಕ್ಯಾಪ್ಟನ್ ಆದ, ವಿಕೆಟ್ ಕೀಪರ್ ಕೂಡ ಅವನೇ. ಉರಿಗಾಂ ಮೈದಾನದಲ್ಲಿ ಅವನು ಕೈಗವಸು ತೊಟ್ಟು ಕೂತರೆ ನೊಣವೂ ಹಿಂದಕ್ಕೆ ದಾಟುವುದಿಲ್ಲ ಎನ್ನುತ್ತಿದ್ದರು. ಕಾರ್ಖಾನೆಯ ಟೀಮಿಗೆ ಒಬ್ಬ ಒಳ್ಳೆಯ ಕೀಪರ್ ಬೇಕಾಗಿತ್ತು. ಆಟದ ವಿಷಯ ನೋಡಿಕೊಳ್ಳುವ ಅಲ್ಲಿನ ಸಾಹೇಬರು ಇವನ ಬೆನ್ನು ತಟ್ಟಿ, “ಈ ಸಲ ನಮ್ಮನ್ನು ಸೋಲಿಸಿ ತೋರಿಸು. ನಿನ್ನ ಹೆಸರನ್ನು ಮೇಲಿನವರ ಮುಂದೆ ಇಡಲು ನನಗೂ ಒಂದು ನೆಪ ಬೇಕಲ್ಲ,” ಎಂದಿದ್ದರು. ಕಾರ್ಖಾನೆ ಎಂದರೆ ಮೇಲಿನ ಕೆಲಸ. ಯಜಮಾನರಿಗೆ ನಿದ್ದೆ ಹಾರಿಹೋಯಿತು.

ಪಂದ್ಯದ ದಿನ ಕಾರ್ಖಾನೆಗೆ ರಜೆ, ಗಣಿಗೆ ರಜೆಯಿಲ್ಲ. ಯಜಮಾನರದು ಬೆಳಗಿನ ಶಿಫ್ಟ್. ಹೊರಡುವಾಗ ಬಾಗಿಲಲ್ಲಿ ನಿಂತು, “ಕೊನೇ ಆಟಕ್ಕೆ ಬಂದ್ಬಿಡ್ತೀನಿ ಕಣಮ್ಮಿ. ಮೇಲಕ್ಕೆ ಬಂದೋನು ಅಂಗೇ ಮೈದಾನಕ್ಕೆ ಬತ್ತೀನಿ. ಬುತ್ತಿ ಅಲ್ಲಿಗೇ ತಂದ್ಬುಡು,” ಎಂದರು.

“ತರಲ್ಲ, ಓಗಿ. ಸಂಕ್ರಾಂತಿಗೆ ಬಟ್ಟೆ ತಂದ್ಕೊಟ್ಟೋರಿಗೆ ಬುತ್ತಿ ಬೇರೆ!” ಎಂದೆ. ಅದೇ ನಗು ನಕ್ಕು ಹೋದರು.

ತರದೆ ಇರುತ್ತೇನೆಯೇ? ಮುದ್ದೆ, ಅವರೆಕಾಳಿನ ಸಾರು ಕಟ್ಟಿಕೊಂಡು, ಉಮಾಳನ್ನು ಕಂಕುಳಲ್ಲಿ ಎತ್ತಿಕೊಂಡು, ಅನಸೂಯಮ್ಮನ ಜೊತೆ ಉರಿಗಾಂ ಮೈದಾನಕ್ಕೆ ಹೋದೆ. ಲೈನಿನ ಹೆಂಗಸರೆಲ್ಲ ಒಂದು ಕಡೆ ನೆಲದ ಮೇಲೆ ಕೂತಿದ್ದೆವು. ಗಂಡಸರಲ್ಲಿ ಅರ್ಧ ಜನ ಮೈದಾನದಲ್ಲಿ, ಅರ್ಧ ಜನ ಕೆಳಗೆ. ಬಿಸಿಲು ಧಗಧಗ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯ ಗುಡ್ಡೆ, ನಮ್ಮ ಸೈನೈಡ್ ದಿಬ್ಬ, ಅದರ ಮೇಲೆ ಸಾಮಾನ್ಯವಾಗಿ ಏಳುವ ಬಿಳಿ ಧೂಳು ಕೂಡ ಅವತ್ತು ಎದ್ದಿರಲಿಲ್ಲ, ಅಷ್ಟು ಗಾಳಿಯಿಲ್ಲದ ದಿನ.

ಮೊದಲು ನಮ್ಮವರು ಆಡಿದ್ದರು, ಈಗ ಕಾರ್ಖಾನೆಯವರ ಸರದಿ. ಅವರ ಒಂಬತ್ತು ಜನ ಔಟಾಗಿ ಒಂದೇ ವಿಕೆಟ್ ಉಳಿದಿತ್ತು. ಗೆಲ್ಲಲು ಇನ್ನೊಂದಿಷ್ಟೇ ರನ್ನು. ಆಡುತ್ತಿದ್ದವನು ಜವರಯ್ಯ ಎಂಬ ಮಂಡ್ಯದ ಕಡೆಯ ಹುಡುಗ. ಕಾರ್ಖಾನೆಗೆ ಹೊಸದಾಗಿ ಬಂದವನು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಜೀವ ಕೈಯಲ್ಲಿ ಹಿಡಿದುಕೊಂಡು ಆಡುತ್ತಿದ್ದ. ಅವನನ್ನು ಬಿಟ್ಟರೆ ಬ್ಯಾಟು ಹಿಡಿಯಬಲ್ಲವರು ಅವರಲ್ಲಿ ಯಾರೂ ಉಳಿದಿರಲಿಲ್ಲ. ಅವನೊಬ್ಬ ಹೋದರೆ ನಮ್ಮ ರಾಮಚಂದ್ರನಿಗೆ ಕೆಲಸ. ಇಷ್ಟು ಲೆಕ್ಕ ನನಗೂ ಬರುತ್ತದೆ. ಕ್ರಿಕೆಟ್ ಕಂಡರಾಗದವಳು ಮನೆದೇವರಿಗೆ ಹರಕೆ ಹೊತ್ತು ಕೂತಿದ್ದೆ.

ಚೆಂಡು ಬಿತ್ತು. ಜವರಯ್ಯ ಬ್ಯಾಟು ಬೀಸಿದ, ತಾಗಲಿಲ್ಲ. ಅದೇ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ಚೊಂಬಿನ ನೀರು ನಡುಗಿತು. ಕೂತ ನೆಲ ಒಳಗಿನಿಂದ ಒಮ್ಮೆ ಗುದ್ದಿದ ಹಾಗಾಯಿತು. ಅನಸೂಯಮ್ಮ ಸೆರಗು ಎಳೆದುಕೊಂಡಳು. ನಾನೂ ಎಳೆದುಕೊಂಡೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಷ್ಟರಲ್ಲಿ ಮೈದಾನದಲ್ಲಿ ಗದ್ದಲ ಎದ್ದಿತು. ಮೂರು ಕೋಲುಗಳ ತಲೆಯ ಮೇಲೆ ಬೇಲು ಅಂತ ಬೆರಳುದ್ದದ ಮರದ ಚೂರುಗಳನ್ನು ಕೂರಿಸಿರುತ್ತಾರಲ್ಲ, ಅದರಲ್ಲೊಂದು ನೆಲಕ್ಕೆ ಬಿದ್ದಿತ್ತು. ಚೆಂಡು ಸವರಿಕೊಂಡು ಹೋಯಿತು ಎಂದು ನಮ್ಮ ಹುಡುಗರು ಕೂಗಿದರು. ಆರುಮುಗಣ್ಣ ಬೆರಳು ಎತ್ತಿದ. ಔಟ್! ಗೆದ್ದೆವು! ತಮಟೆ ಶುರುವಾಯಿತು, ಹುಡುಗರು ಟೋಪಿ ಹಾರಿಸಿದರು. ಕಾರ್ಖಾನೆಯ ಸಾಹೇಬರು ಕೂಡ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಜವರಯ್ಯ ತಲೆ ತಗ್ಗಿಸಿ ಹೊರಟ. ಅಯ್ಯೋ ತಾಯಿ, ಆಯಿತು, ನನ್ನ ಮೈದುನ ಗಣಿಗೆ ಇಳಿಯುವುದಿಲ್ಲ ಎಂದು ನಾನು ಉಮಾಳ ಕೆನ್ನೆ ಕಚ್ಚಿ ಮುತ್ತಿಟ್ಟೆ. ಯಜಮಾನರು ಬಂದ ಕೂಡಲೇ ಹೇಳಬೇಕೆಂದು ಗೇಟಿನ ಕಡೆ ಕೂಡ ನೋಡಿದೆ.

ಎಲ್ಲರೂ ಕುಣಿಯುತ್ತಿದ್ದಾಗ ರಾಮಚಂದ್ರ ಒಬ್ಬನೇ ಕೋಲುಗಳ ಹಿಂದೆ ನಿಂತಿದ್ದ. ಬಗ್ಗಿ ಬೇಲನ್ನು ಎತ್ತಿಕೊಂಡ. ಅದನ್ನು ಅಂಗೈಯಲ್ಲಿ ಹಿಡಿದು ಆರುಮುಗಣ್ಣನ ಹತ್ತಿರ ನಡೆದ. ಅವರಿಬ್ಬರ ನಡುವೆ ಆದ ಮಾತನ್ನು ಆರುಮುಗಣ್ಣನೇ ಆಮೇಲೆ ನನ್ನ ಮುಂದೆ ಅತ್ತುಕೊಂಡು ಹೇಳಿದ.

“ಔಟಲ್ಲ ಅಣ್ಣ.”

“ಎನ್ನಡಾ? ಬೇಲ್ ಬಿದ್ದಿತಲ್ಲ.”

“ಬಾಲ್ ತಾಗಿ ಬೀಳ್ಲಿಲ್ಲ. ಬಾಲ್ ನನ್ನ ಕೈಗೆ ಬಂದ ಮೇಲೆ ಬಿತ್ತು.”

“ಮತ್ತೆ ಎಂಗಡಾ ಬಿತ್ತು?” ಎಂದು ಕೇಳಿದ ಮೇಲೆ ಆರುಮುಗಣ್ಣನಿಗೆ ಹೊಳೆದಿದೆ. ಅವನ ಕಾಲಿಗೂ ಗೊತ್ತಾಗಿತ್ತಲ್ಲ. ಇವನ ತೋಳು ಹಿಡಿದು ಮೆಲ್ಲಗೆ, “ಗಾಳಿ ಅಂತ ಏಳು ರಾಮಚಂದ್ರಾ. ಗಾಳಿಗೆ ಬಿತ್ತು ಅನ್ನು. ನಾನು ಅವನ್ನ ವಾಪಸ್ ಕರೀತೀನಿ. ಗಾಳಿ ಅನ್ನಪ್ಪ,” ಎಂದನಂತೆ.

ನೋಡಿ, ದಾರಿ ಇತ್ತು. ಗಾಳಿ ಎಂದಿದ್ದರೆ ಧರ್ಮವೂ ಉಳಿಯುತ್ತಿತ್ತು, ಬಾಯಿಯೂ ಉಳಿಯುತ್ತಿತ್ತು. ಆದರೆ ಇವನು ಅಣ್ಣನ ತಮ್ಮ. ಕಂಡದ್ದು ಕಂಡ ಹಾಗೆ ಹೇಳಬೇಕಲ್ಲ! ಅಷ್ಟು ಹೊತ್ತಿಗೆ ಏನೋ ನಡೆಯುತ್ತಿದೆಯೆಂದು ತಮಟೆ ನಿಂತಿತ್ತು. ಮುಂದಿನದನ್ನು ನಾನೇ ನನ್ನ ಕಿವಿಯಾರೆ ಕೇಳಿದೆ.

“ಗಾಳಿ ಎಲ್ಲೈತಣ್ಣ? ನೆಲ ಅದುರ್ತು. ನೆಲ ಅದುರಿ ಬೇಲು ತಾನಾಗೇ ಬಿತ್ತು. ಅವನು ಔಟಲ್ಲ.” ಆಮೇಲೆ ಕೈಯೆತ್ತಿ ಕೂಗಿದ: “ಜವರಯ್ಯಾ, ವಾಪಸ್ ಬಾ!”

ಮೈದಾನಕ್ಕೆ ಮೈದಾನವೇ ಸತ್ತಂತಾಯಿತು. ಆ ಮಾತನ್ನು ಜನ ಕೆಳಗಿರುವಾಗ ಯಾರೂ ಹಾಗೆ ಗಂಟಲೆತ್ತಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅನಸೂಯಮ್ಮ ನನ್ನ ಕೈ ಹಿಡಿದುಕೊಂಡಳು, ಅವಳ ಉಗುರು ನನ್ನ ಚರ್ಮದೊಳಕ್ಕೆ ಇಳಿಯಿತು. “ಏನೇ ಅಂದ್ಬುಟ್ಟ ನಿನ್ನ ಮೈದುನ,” ಎಂದಳು. ರಾಮಚಂದ್ರನಿಗೂ ಆಗಲೇ ಅರಿವಾಗಿರಬೇಕು. ಗೇಟಿನ ಕಡೆ ನೋಡಿದ, ನಾನು ನೋಡಿದ ಹಾಗೆಯೇ.

ಪಾಪ, ಆ ಜವರಯ್ಯನಿಗೆ ಇದೇನೂ ತಿಳಿಯದು. ಹೊರಗಿನವನು. ಮುಖವರಳಿಸಿಕೊಂಡು ಓಡಿಬಂದ, ರಾಮಚಂದ್ರನ ಕೈ ಕುಲುಕಿದ, ಮತ್ತೆ ಬ್ಯಾಟು ಊರಿಕೊಂಡು ನಿಂತ. ರಾಮಚಂದ್ರ ಬೇಲನ್ನು ಅದರ ಜಾಗದಲ್ಲಿ ಇಡಲು ಹೋದ. ಕೈ ಜಾರಿ ಅದು ಮತ್ತೆ ಬಿತ್ತು. ಇನ್ನೊಮ್ಮೆ ಇಟ್ಟ.

ಆಗ ಸಂಗು ಕೂಗಿತು. ಗಣಿಯ ಸೈರನ್ನಿಗೆ ನಾವು ಸಂಗು ಎನ್ನುತ್ತೇವೆ. ಶಿಫ್ಟ್ ಬಿಡುವ ಸಂಗು ಗಿಡ್ಡ, ನಮಗೆ ಅದರ ಗುರುತಿದೆ. ಇದು ನಿಲ್ಲಲೇ ಇಲ್ಲ. ಹೆಂಗಸರೆಲ್ಲ ಒಟ್ಟಿಗೆ ಎದ್ದೆವು. ಚೊಂಬು ಉರುಳಿತೋ, ಬುತ್ತಿ ಚೆಲ್ಲಿತೋ ನನಗೆ ಗೊತ್ತಿಲ್ಲ, ಉಮಾಳನ್ನು ಅವುಚಿಕೊಂಡು ಓಡಿದೆ. ಆಡುವವರೂ ಓಡಿದರು, ನೋಡುವವರೂ ಓಡಿದರು. ಗೇಟಿನಲ್ಲಿ ಒಮ್ಮೆ ತಿರುಗಿ ನೋಡಿದಾಗ ಮೈದಾನದ ನಡುವೆ ಜವರಯ್ಯ ಒಬ್ಬನೇ ಬ್ಯಾಟು ಹಿಡಿದುಕೊಂಡು, ಯಾರು ಚೆಂಡು ಹಾಕುತ್ತಾರೆಂದು ನೋಡುತ್ತಾ ನಿಂತಿದ್ದ.

ಶಾಫ್ಟಿನ ಬಾಯಲ್ಲಿ ಹಗ್ಗ ಕಟ್ಟಿ ನಮ್ಮನ್ನು ಆಚೆ ನಿಲ್ಲಿಸಿದ್ದರು. ಕೇಜ್ ಬರುತ್ತಿತ್ತು, ಹೋಗುತ್ತಿತ್ತು. ಪ್ರತಿ ಸಲ ಬಂದಾಗಲೂ ಮುಖಗಳು, ಕರಿ ಮೆತ್ತಿದ ಮುಖಗಳು. ಯಾರದೋ ಅಪ್ಪ, ಯಾರದೋ ಮಗ. ಅನಸೂಯಮ್ಮನ ಗಂಡ ಬಂದ. ಅವಳು ಅವನನ್ನು ಅಪ್ಪಿಕೊಂಡು ಅಳುತ್ತಾ ನನ್ನ ಕಡೆ ನೋಡಿ, ಅಳು ನುಂಗಿಕೊಂಡು ಪಕ್ಕಕ್ಕೆ ಸರಿದಳು. ಜನ ಕರಗುತ್ತಾ ಹೋದರು, ಕೊನೆಗೆ ನಾವು ಕೆಲವರೇ ಉಳಿದೆವು. ಆಫೀಸಿನವನೊಬ್ಬ ಬಂದು, “ನಿಮ್ಮೋರ ಹೆಸರು ಹೇಳಮ್ಮ,” ಎಂದ.

ನಾನು ಗಂಡನ ಹೆಸರು ಹೇಳಿದವಳಲ್ಲ. ಮದುವೆಯ ದಿನ ಒಗಟು ಕಟ್ಟಿ ಹೇಳು ಎಂದಾಗಲೂ ನಾಚಿಕೊಂಡು ಓಡಿದವಳು. ಪಕ್ಕದಲ್ಲಿದ್ದ ರಾಮಚಂದ್ರನ ಕಡೆ ನೋಡಿದೆ, ಅವನಿಗೆ ಬಾಯಿ ಬರಲಿಲ್ಲ. ಮೈದಾನದಲ್ಲಿ ಬಂದ ಬಾಯಿ ಇಲ್ಲಿ ಬರಲಿಲ್ಲ. “ದೊಡ್ಡವೆಂಕಟಪ್ಪ,” ಎಂದೆ. ನನ್ನ ದನಿಯಲ್ಲಿ ಆ ಹೆಸರು ಕೇಳಿ ನನಗೇ ಭಯವಾಯಿತು.

ಆಫೀಸಿನವನು ಹೆಸರು ಬರೆದುಕೊಂಡು ಹೋದ. ನಾನು ರಾಮಚಂದ್ರನ ಅಂಗಿ ಹಿಡಿದು ಜಗ್ಗಿದೆ. “ಯಾವನೋ ದಾರೀಲಿ ಓಗೋನ್ನ ವಾಪಸ್ ಕರೆದ್ಯಲ್ಲಾ! ದೊಡ್ಡದಾಗಿ ಕೈ ಎತ್ತಿ ಕರೆದ್ಯಲ್ಲಾ! ಈಗ ನಿಮ್ಮಣ್ಣನ್ನ ಕರೀ. ಕರೀಲಾ, ನೋಡೋಣ!”

ಅವನು ಕರೆದ. ಹಗ್ಗ ದಾಟಿ, ಕಾವಲಿನವರು ಹಿಡಿದುಕೊಳ್ಳುವ ಮೊದಲೇ ಶಾಫ್ಟಿನ ಕಂಬಿ ಹಿಡಿದು ಬಗ್ಗಿ, “ಅಣ್ಣಾ!” ಎಂದು ಕೂಗಿದ. ಕಾಲಿಗೆ ಇನ್ನೂ ಕೀಪರಿನ ಪ್ಯಾಡು ಕಟ್ಟಿಕೊಂಡೇ ಇದ್ದ. “ಅಣ್ಣಾ, ಬಾರೋ! ಮೇಲಕ್ಕೆ ಬಾರೋ!” ಶಾಫ್ಟಿನೊಳಗಿಂದ ಬಿಸಿ ಗಾಳಿ ಮಾತ್ರ ಬಂತು.

ಮಾರನೆಯ ದಿನ ತಂದರು. ಮುಖ ತೋರಿಸಲಿಲ್ಲ.

ಆ ಪಂದ್ಯ ಮತ್ತೆ ಆಡಲಿಲ್ಲ. ಔಟಾಗದೆ ಉಳಿದ ಜವರಯ್ಯನಿಗೆ ಕೆಲಸ ಕಾಯಂ ಆಯಿತು. ತಿಥಿ ಕಳೆದ ಮೇಲೆ ಅವನು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಆ ಸಾಹೇಬರ ಜೊತೆ ಮನೆಗೆ ಬಂದ. ಬಾಗಿಲಲ್ಲೇ ನಿಂತು, “ಅಕ್ಕ, ನಂಗೇನೂ ಗೊತ್ತಿರ್ನಿಲ್ಲ ಕನಕ್ಕ. ಗೊತ್ತಿದ್ರೆ ನಾ ವಾಪಸ್ ಬತ್ತಾನೇ ಇರ್ನಿಲ್ಲ,” ಎಂದು ಅತ್ತ. ಬೈಯಬೇಕೆಂದು ಎದ್ದವಳು ಬೈಯಲಿಲ್ಲ. ಅವನ ವಯಸ್ಸು ರಾಮಚಂದ್ರನದೇ. ಒಳಗೆ ಕರೆದು ಕಾಫಿ ಕೊಟ್ಟೆ.

ಸಾಹೇಬರು ರಾಮಚಂದ್ರನ ಭುಜದ ಮೇಲೆ ಕೈಯಿಟ್ಟರು. “ಗೆದ್ದಿದ್ದರೆ ನಿನಗಾಗಿ ಮೇಲಿನವರನ್ನು ಕೇಳುತ್ತಿದ್ದೆ. ಈಗ ಗೆಲ್ಲದೆಯೂ ಕೇಳುತ್ತೇನೆ. ನಿನ್ನಂಥವನು ನಮಗೆ ಬೇಕು. ಆದರೆ ಹೊಸಬರನ್ನು ತೆಗೆದುಕೊಳ್ಳಲು ಮುಂದಿನ ವರ್ಷ ಅಪ್ಪಣೆ ಬರಬೇಕು. ಅಲ್ಲಿಯತನಕ ಕಾಯಬೇಕು, ಕಾಯುತ್ತೀಯಾ?” ಎಂದರು.

ನಗಬೇಕೋ ಅಳಬೇಕೋ ಹೇಳಿ. ಯಜಮಾನರು ಬಯಸಿದ್ದು ಮನೆ ಬಾಗಿಲಿಗೆ ಬಂದು ನಿಂತಿತ್ತು, ಅದೂ ಅವರು ಕಲಿಸಿದ ಬುದ್ಧಿಯಿಂದಲೇ. ಆದರೆ ಲೈನಿನ ಮನೆ ಗಣಿಯಲ್ಲಿ ದುಡಿಯುವವರಿಗೆ ಮಾತ್ರ. ದುಡಿಯುವವನು ಹೋದರೆ ಅವನ ಜಾಗಕ್ಕೆ ಮನೆಯವರೊಬ್ಬರು ಇಳಿಯಬೇಕು, ಇಲ್ಲವೇ ಮನೆ ಬಿಡಬೇಕು. ಮುಂದಿನ ವರ್ಷದತನಕ ಯಾರೂ ನಮಗಾಗಿ ಮನೆ ಹಿಡಿದಿಡುವುದಿಲ್ಲ.

“ಮನೆ ಓದ್ರೆ ಓಗ್ಲಿ,” ಎಂದೆ ನಾನು. “ನಾನು ಮಗೀನ ಕರ್ಕೊಂಡು ನಮ್ಮಪ್ಪನ ಮನೆಗೆ ಓಗ್ತೀನಿ. ನೀನು ಆರುಮುಗಣ್ಣನ ಮನೇಲಿ ಇದ್ದು ಕಾಯಿ. ನಿಮ್ಮಣ್ಣ ಬದುಕೆಲ್ಲಾ ಅದೊಂದೇ ಕೇಳಿದ್ರು ಕಣೋ. ಕೇಜ್ ಅತ್ತಬೇಡ.”

“ನಿಮ್ಮಪ್ಪ ತೀರಿಕೊಂಡು ವರ್ಷ ಆಯ್ತಲ್ಲ ಅತ್ತಿಗೆ. ಅಲ್ಲಿರೋದು ನಿಮ್ಮ ಅಣ್ಣ, ಅವರ ಎಂಡ್ತಿ. ಎಷ್ಟು ದಿನ ಇಕ್ತಾರೆ?” ಎಂದ. ಆಮೇಲೆ ಅವನೇ, “ಅವತ್ತು ನಾನು ಸುಮ್ನಿದ್ದಿದ್ರೆ ಅಣ್ಣ ಬತ್ತಿದ್ನೇನೋ,” ಎಂದ.

“ತಲೆ ಕೆಟ್ಟೈತೇನೋ ನಿಂಗೆ? ಬಂಡೆ ಸಿಡಿದದ್ದು ಮೊದಲು, ನೀನು ಬಾಯಿ ಬಿಟ್ಟಿದ್ದು ಆಮೇಲೆ,” ಎಂದೆ. ನಾನು ಹೇಳಿದ್ದು ನಿಜ. ನಿಜವೆಂದು ನನಗೂ ಗೊತ್ತು, ಅವನಿಗೂ ಗೊತ್ತು. ಆದರೂ ಇಬ್ಬರೂ ಅದನ್ನು ನಂಬಲಿಲ್ಲ.

ಅವನು ಇಳಿದ. ಅಣ್ಣನ ಬೂಟು ಅವನ ಕಾಲಿಗೆ ಸರಿಯಾಯಿತು. ಕೈಗವಸು, ಪ್ಯಾಡುಗಳನ್ನು ಆರುಮುಗಣ್ಣನಿಗೆ ಕೊಟ್ಟುಬಿಟ್ಟ. ಮುಂದಿನ ವರ್ಷ ನಮ್ಮವರು ಇಂಗ್ಲೆಂಡಿನಲ್ಲಿ ವಿಶ್ವಕಪ್ ಗೆದ್ದಾಗ ಲೈನಿಗೆ ಲೈನೇ ಪಟಾಕಿ ಹೊಡೆಯಿತು, ಆರುಮುಗಣ್ಣ ಮುದುಕ ನಡುಬೀದಿಯಲ್ಲಿ ಕುಣಿದ. ರಾಮಚಂದ್ರ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಹೋಗಿ, “ಏಳೋ, ನಮ್ಮೋರು ಗೆದ್ರಂತೆ,” ಎಂದೆ. ಯಾವತ್ತೂ ನನ್ನ ಬಾಯಲ್ಲಿ ‘ನಮ್ಮೋರು’ ಬಂದದ್ದಿಲ್ಲ. ಅಂದು ಬಂತು, ಆದರೆ ಕೇಳಲು ಯಜಮಾನರಿರಲಿಲ್ಲ. “ಬೆಳಗಿನ ಶಿಫ್ಟ್ ಐತೆ ಅತ್ತಿಗೆ,” ಎಂದು ಅವನು ಹೊದ್ದುಕೊಂಡ. ಕಾರ್ಖಾನೆಯಲ್ಲಿ ಹೊಸಬರನ್ನು ತೆಗೆದುಕೊಂಡದ್ದೂ ಆ ವರ್ಷವೇ. ಅಷ್ಟು ಹೊತ್ತಿಗೆ ಅವನಿಗೂ ಅವರಪ್ಪನ ಕೆಮ್ಮು ಹತ್ತಿತ್ತು. ಸಾಹೇಬರು ಹೇಳಿಕಳಿಸಿದಾಗ ಅವನು ಹೋಗಲೇ ಇಲ್ಲ.

ಒಂದು ದಿನ ರಾಮಚಂದ್ರ ಕೆಳಗಿದ್ದಾಗ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದೆವು. ನೆಲ ಗುದ್ದಿತು, ಅವತ್ತು ಗುದ್ದಿದ ಹಾಗೆಯೇ. ನಮ್ಮ ಮನೆಯ ಗೂಡಿನಿಂದ ತಾಮ್ರದ ಚೊಂಬು ಬಿದ್ದು ಉರುಳಿದ ಸದ್ದು ನಲ್ಲಿಯವರೆಗೂ ಕೇಳಿಸಿತು. ಹೆಂಗಸರೆಲ್ಲ ಸೆರಗು ಎಳೆದುಕೊಂಡರು. ನಾನು ಎಳೆದುಕೊಳ್ಳಲಿಲ್ಲ. ಸುಮ್ಮನಿದ್ದು ಕಂಡದ್ದಾಯಿತು, ಹೇಳಿ ಕಂಡದ್ದೂ ಆಯಿತು, ಇನ್ನೇನಿದೆ? “ನೆಲ ಅದುರ್ತು ಕಣ್ರೇ,” ಎಂದೆ ಗಟ್ಟಿಯಾಗಿ. ಬಿಂದಿಗೆ ಅಲ್ಲೇ ಬಿಟ್ಟು ಶಾಫ್ಟಿಗೆ ಹೋದೆ.

ಸಂಗು ಕೂಗಲಿಲ್ಲ. ಶಿಫ್ಟ್ ಬಿಡುವತನಕ ಹಗ್ಗ ಕಟ್ಟುವ ಜಾಗದಲ್ಲೇ ನಿಂತಿದ್ದೆ. ಕೇಜ್ ಬಂತು, ರಾಮಚಂದ್ರ ಇಳಿದ. ತಲೆಯಿಂದ ಕಾಲಿನವರೆಗೂ ಕಲ್ಲಿನ ಬೂದಿ, ಹುಬ್ಬಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು, ಒಂದು ತೋಳು ಇಳಿಬಿದ್ದಿತ್ತು. ನನ್ನನ್ನು ನೋಡಿ ಆ ತೋಳನ್ನು ಬೆನ್ನ ಹಿಂದೆ ಸರಿಸಿಕೊಂಡ.

“ಯಾಕತ್ತಿಗೆ ಬಂದ್ರಿ?”

“ಕರಿಯಕ್ಕೆ ಬಂದೆ. ನೆಲ ಅದುರ್ತು ಕಣೋ. ಗೂಡಿನಿಂದ ಚೊಂಬು ಬಿತ್ತು. ಕೆಳಗೇನಾಯ್ತು? ಯಾರಿಗೇನಾಯ್ತು? ನನ್ನತ್ರ ಏಳೋ.”

ಮೈದಾನದ ನಡುವೆ ನಿಂತು ಊರಿಗೆಲ್ಲ ಕೇಳುವ ಹಾಗೆ ಹೇಳಿದ್ದವನು ನನ್ನ ಮುಖ ನೋಡಲಿಲ್ಲ. ಸೈನೈಡ್ ದಿಬ್ಬದ ಕಡೆ ನೋಡಿದ.

“ಏನೂ ಆಗ್ಲಿಲ್ಲ ಅತ್ತಿಗೆ. ಗಾಳಿಗೆ ಬಿದ್ದಿರ್ಬೇಕು,” ಎಂದ.

ದಿಬ್ಬದ ಮೇಲೆ ಒಂದು ಚೂರು ಧೂಳೂ ಏಳುತ್ತಿರಲಿಲ್ಲ. “ಹೂಂ, ಗಾಳಿನೇ ಇರ್ಬೇಕು,” ಎಂದೆ ನಾನು. ಇಬ್ಬರೂ ಮನೆಯ ಕಡೆ ನಡೆದೆವು.